ಮಂಚದ ಕೆಳಗಿನ ರಾಗಿ ಮೂಟೆ

ಅಮಾನಿಕೆರೆ ಒಡೆದು ಶೆಟ್ಟಿಹಳ್ಳಿಯ ನಮ್ಮ ಮನೆಯವರೆಗೂ ನೀರು ನುಗ್ಗಬಹುದಿತ್ತು. ಗ್ಯಾಸ್ ಲಾರಿಯವರೆಲ್ಲ ಒಟ್ಟಿಗೇ ಮುಷ್ಕರ ಹೂಡಬಹುದಿತ್ತು. ಹೊಸದೊಂದು ಕಾಯಿಲೆ ಬಂದು ಪೊಲೀಸರು ಮತ್ತೆ ಬೀದಿಗೆ ಅಡ್ಡಲಾಗಿ ಬಿದಿರು ಕಟ್ಟಬಹುದಿತ್ತು. ಎಲ್ಲೋ ದೂರದ ಎರಡು ದೇಶಗಳು ಜಗಳವಾಡಿಕೊಂಡು ನಮ್ಮ ಒಗ್ಗರಣೆಗೆ ಎಣ್ಣೆ ಇಲ್ಲದಂತಾಗಬಹುದಿತ್ತು. ಭೂಕಂಪ, ಬಂದ್, ಬೋರ್‌ವೆಲ್ ಮೋಟರ್ ಸುಡುವುದು, ಎಲ್ಲವೂ ಆಗಬಹುದಿತ್ತು. ಒಂದೂ ಆಗಲಿಲ್ಲ. ಆಗಿದ್ದರೆ ನನ್ನ ಮರ್ಯಾದೆಯಾದರೂ ಉಳಿಯುತ್ತಿತ್ತು.

ಹೆದರುವುದು ನನಗೆ ಹುಟ್ಟುಗುಣ. ಮದುವೆಯ ಊಟಕ್ಕೆ ಹೋದರೂ ಛತ್ರಕ್ಕೆ ಹಿಂಬಾಗಿಲು ಎಲ್ಲಿದೆ ಎಂದು ನೋಡಿಕೊಂಡೇ ಎಲೆಯ ಮುಂದೆ ಕೂರುವವನು ನಾನು. ಲಾಕ್‌ಡೌನ್ ಈ ಗುಣಕ್ಕೆ ಒಳ್ಳೆಯ ಗೊಬ್ಬರ ಹಾಕಿತು. ಅಲ್ಲಿಂದೀಚೆಗೆ ಗುಬ್ಬಿಯ ಆಫೀಸಿನಿಂದ ಸಂಜೆ ಬರಿಗೈಲಿ ಮನೆಗೆ ಬಂದವನೇ ಅಲ್ಲ. ಬೇಳೆ, ಬೆಲ್ಲ, ಕ್ಯಾಂಡಲ್, ಬೆಂಕಿಪೊಟ್ಟಣ, ಭೇದಿ ಮಾತ್ರೆ ಹೀಗೆ ತಂದು ತಂದು ಅಟ್ಟ ತುಂಬಿತು. ಆಮೇಲೆ ಹೊರಕೋಣೆಯ ಮಂಚದ ಕೆಳಗೆ ರಾಗಿ ಮೂಟೆಗಳು ಬಂದವು. ರಾಗಿಯ ವಿಷಯದಲ್ಲಿ ನನ್ನದೊಂದು ಸಿದ್ಧಾಂತವೇ ಇದೆ: ಹಿಟ್ಟು ಮಾಡಿಸಿಟ್ಟರೆ ಕಹಿಯಾಗುತ್ತದೆ, ಕಾಳಾಗಿಯೇ ಇಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ಆದ್ದರಿಂದ ವಾರಕ್ಕಾಗುವಷ್ಟನ್ನು ಮಾತ್ರ ಡಬ್ಬಿಗೆ ತುಂಬಿ ಮಿಲ್ಲಿಗೆ ಹಾಕುವುದು. ನನ್ನ ಹೆಂಡತಿ ಭಾಗ್ಯ ಮಾತ್ರ, "ರೀ, ಪ್ರಳಯ ಬಂದ್ರೆ ನಾವು ಸಾಯೋದು ನೀರಲ್ಲಲ್ಲ, ನಿಮ್ ಅಟ್ಟ ತಲೆ ಮೇಲೆ ಬಿದ್ದು" ಎನ್ನುತ್ತಾಳೆ.

ಕಳೆದ ತಿಂಗಳು ಕುಣಿಗಲ್‌ನಿಂದ ಮಾವ ಕಣ್ಣು ತೋರಿಸಲು ಬಂದರು. ಸಕ್ಕರೆ ಕಾಯಿಲೆಯವರು, ರಾತ್ರಿ ಅನ್ನ ಮುಟ್ಟುವುದಿಲ್ಲ. ಒಂದು ಮುದ್ದೆ, ಒಂದು ಸೌಟು ಸೊಪ್ಪಿನ ಸಾರು, ಮುಗಿಯಿತು. ಚೀಲ ಇಡಲು ಮಂಚದ ಕೆಳಗೆ ಬಗ್ಗಿದವರು, "ಏನ್ ಅಳಿಯಂದ್ರೇ, ಸೊಸೈಟಿ ಅಂಗಡಿ ಇಟ್ಟಿದೀರಾ? ನಾನೆಲ್ ಮಲಗ್ಲಿ, ತಕ್ಕಡೀಲಾ?" ಎಂದರು. ಮದುವೆಯಾದ ದಿನದಿಂದ ಈ ಮನುಷ್ಯ ನನ್ನನ್ನು ಪುಕ್ಕಲ ಎಂದೇ ತೀರ್ಮಾನಿಸಿಬಿಟ್ಟಿದ್ದಾರೆ. ದೇವರೇ, ಇವರು ಇಲ್ಲಿರುವಾಗಲೇ ಒಂದೇ ಒಂದು ಸಣ್ಣ ಅನಾಹುತ ಕೊಡಪ್ಪ, ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಕೊಟ್ಟ. ಮರುದಿನ ಗಾಳಿಮಳೆಗೆ ಮೂಲೆಯ ಮರ ಕರೆಂಟಿನ ತಂತಿಯ ಮೇಲೆ ಬಿತ್ತು. ಬಡಾವಣೆಯೆಲ್ಲ ಕತ್ತಲು. ರಸ್ತೆಯಲ್ಲಿ ಮೊಣಕಾಲುದ್ದ ನೀರು. ಅಂಗಡಿಗಳೆಲ್ಲ ಶಟರ್ ಎಳೆದವು. ಗುಬ್ಬಿಯಿಂದ ನೆನೆದುಕೊಂಡು ಬಂದ ನಾನು ಹಬ್ಬ ಬಂತೇನೋ ಎಂಬಂತೆ ಮನೆ ತುಂಬ ಕ್ಯಾಂಡಲ್ ಹಚ್ಚಿದೆ. "ಪರ್ವಾಗಿಲ್ಲ ಕಣವ್ವ ಭಾಗ್ಯ, ನಿನ್ ಗಂಡಂಗೆ ಮುಂದಾಲೋಚ್ನೆ ಐತೆ" ಎಂದರು ಮಾವ. ಇಷ್ಟು ವರ್ಷ ಕಾದದ್ದು ಈ ಒಂದು ಮಾತಿಗೆ! ಎದೆಯುಬ್ಬಿಸಿಕೊಂಡು ಅಡುಗೆಮನೆಯ ಕಡೆ ಕೂಗಿದೆ: "ಭಾಗ್ಯ, ಮಾವಂಗೆ ಹೊತ್ತಾಯ್ತು, ಮುದ್ದೆಗೆ ಎಸರಿಡು."

"ಎಸರು ಆಗ್ಲೇ ಕುದೀತಿದೆ. ಹಿಟ್ಟೆಲ್ಲಿ?"

"ಹಿಟ್ಟೆಲ್ಲಿ ಅಂದ್ರೆ?"

"ಬೆಳಿಗ್ಗೆ ಬಾಗಿಲಲ್ಲೇ ಡಬ್ಬಿ ಇಟ್ಟು ಹೇಳ್ಲಿಲ್ವಾ, ಮಿಲ್ಲಿಗೆ ಹಾಕ್ಬಿಟ್ಟು ಹೋಗಿ ಅಂತ? ಗುಬ್ಬಿ ಸಂತೇಲಿ ಕ್ಯಾಂಡಲ್ ಖಾಲಿಯಾಗೋಗುತ್ತೆ, ನಾಳೆ ನೋಡೋಣ ಅಂದ್ರಿ."

ಕರೆಂಟಿಲ್ಲದೆ ಮಿಲ್ಲು ತಿರುಗದು. ಮಿಕ್ಸಿಯೂ ತಿರುಗದು.

"ಬೀಸೋ ಕಲ್ಲಿತ್ತಲ್ಲವ್ವ?" ಎಂದರು ಮಾವ.

"ಮೂಟೆ ಇಡಕ್ಕೆ ಜಾಗ ಸಾಲ್ದು ಅಂತ ನಿಮ್ ಅಳಿಯಂದ್ರೇ ಅಲ್ವೇನಪ್ಪ ಅದನ್ನ ನಮ್ಮೂರಿಗೆ ಸಾಗಿಸಿದ್ದು?"

"ಓ, ಅದಾ! ಹಿತ್ಲಲ್ಲಿ ಐತೆ. ಅದ್ರ ಮ್ಯಾಲೆ ಕೋಳಿ ಮಲಗ್ತವೆ."

ಕೊನೆಗೆ ಭಾಗ್ಯ ಕಾಂಪೌಂಡಿನ ಮೇಲಿಂದ ಪಕ್ಕದ ಮನೆಯ ಜಯಮ್ಮನವರ ಹತ್ತಿರ ಒಂದು ಬಟ್ಟಲು ಹಿಟ್ಟು ಇಸಕೊಂಡಳು. "ಅಯ್ಯೋ, ನಿಮ್ಮನೇಲೇ ಇಲ್ವಾ!" ಎಂಬ ಅವರ ದನಿ ಮಳೆಯ ಸದ್ದನ್ನೂ ಮೀರಿ ಬೀದಿಗೆಲ್ಲ ಕೇಳಿಸಿತು. ಮಾವ ಮಂಚದ ಮೇಲೆ ಕೂತು, ಕೆಳಗಿನಿಂದ ಹೊರಚಾಚಿದ್ದ ರಾಗಿ ಮೂಟೆಗಳ ಮೇಲೆ ಕಾಲಿಟ್ಟುಕೊಂಡು, ಪಕ್ಕದ ಮನೆಯ ಹಿಟ್ಟಿನ ಮುದ್ದೆ ಮುರಿದರು. "ಮುಂದಿನ್ ವಾರ ಊರಿಗ್ ಬನ್ನಿ ಅಳಿಯಂದ್ರೇ, ಕಲ್ಲು ಕೊಡ್ತೀನಿ. ಇಡಕ್ಕೆ ಜಾಗ ಐತಾ?"

ಹೀಗೆ, ಜಗತ್ತಿನ ಅಷ್ಟೂ ಅನಾಹುತಗಳಿಗೆ ಸಿದ್ಧನಾಗಿದ್ದ ನನ್ನ ಮನೆಯಲ್ಲಿ ನಿಜಕ್ಕೂ ಎಡವಟ್ಟು ಮಾಡಿದ್ದು ಬಾಗಿಲಲ್ಲಿದ್ದ ಒಂದು ಡಬ್ಬಿ ರಾಗಿ. ಕತ್ತಲೆಯಾದರೂ ಇದ್ದಿದ್ದರೆ ಮುಖ ಮರೆಸಿಕೊಳ್ಳುತ್ತಿದ್ದೆ. ಆದರೆ ಕ್ಯಾಂಡಲ್ ಮಾತ್ರ ನಮ್ಮ ಮನೆಯಲ್ಲಿ ಬೇಕಾದಷ್ಟಿದ್ದವು.