ಹಿಂದಕ್ಕೆ ನಾಲ್ಕು ಗೇರು, ಮುಂದಕ್ಕೆ ಒಂದು

ನಾನು ಡೈರಿ ಬರೆಯುವುದು ನನ್ನ ನೆನಪಿನ ಮೇಲೆ ನಂಬಿಕೆಯಿಲ್ಲದೆ. ವಿಶ್ವವಿದ್ಯಾನಿಲಯದಲ್ಲಿ ಇತಿಹಾಸ ಓದಿದವನಿಗೆ ಕಣ್ಣಾರೆ ಕಂಡವರ ಮಾತನ್ನೂ ಅನುಮಾನಿಸುವ ಚಾಳಿ ಅಂಟಿಕೊಂಡಿರುತ್ತದೆ. ಆ ಕಣ್ಣು ನನ್ನದೇ ಆದರೆ ಅನುಮಾನ ಇನ್ನೂ ಹೆಚ್ಚು. ಆದರೂ ಗೌರಿ ಹಬ್ಬಕ್ಕೆ ಮುಂಚೆ ಅಪ್ಪನ ಹಳೆಯ ಕಾರಿನ ಡಿಫರೆನ್ಷಿಯಲ್ ಬಿಚ್ಚಿದಾಗ ಅದು ಹೇಗೆ ಕೂತಿತ್ತೆಂದು ಬರೆದಿಟ್ಟುಕೊಳ್ಳಲಿಲ್ಲ. ಕೈತುಂಬ ಎಣ್ಣೆಯಿತ್ತು. ಇಷ್ಟೂ ನೆನಪಿರುವುದಿಲ್ಲವೇ ಅಂದುಕೊಂಡೆ.

ಡಿಫರೆನ್ಷಿಯಲ್ ಎಂದರೆ ಹಿಂದಿನ ಎರಡು ಚಕ್ರಗಳ ನಡುವೆ ಕೂತು, ಎಂಜಿನ್ನಿನ ಶಕ್ತಿಯನ್ನು ಅವಕ್ಕೆ ಹಂಚುವ ಹಲ್ಲುಚಕ್ರಗಳ ಗಂಟು. ಮದ್ದೂರಿನಿಂದ ಮಂಡ್ಯಕ್ಕೆ ಹೊರಟರೆ ಗೆಜ್ಜಲಗೆರೆ ದಾಟುವಷ್ಟರಲ್ಲಿ ಅದು ಗೋಳಿಡುತ್ತಿತ್ತು. ಹಬ್ಬಕ್ಕೆ ತಂಗಿ ಸುಮಿಯನ್ನು ಮಳವಳ್ಳಿಯಿಂದ ಕರೆತರಬೇಕು; ಅಣ್ಣನೇ ಹೋಗಿ ಕರೆಯುವುದು ನಮ್ಮಲ್ಲಿ ಪದ್ಧತಿ. "ಅಪ್ಪನ ಕಾರಲ್ಲೇ ಬರ್ತೀನಿ, ಅವಳನ್ನ ಬಸ್ಸಿಗೆ ಕಳಿಸಬೇಡಿ" ಎಂದು ಅವಳ ಅತ್ತೆಗೆ ಜಂಬದಿಂದ ಹೇಳಿಯೂ ಆಗಿತ್ತು. ಗೋಳಿಡುವ ಕಾರಿನಲ್ಲಿ ಬೀಗರ ಬೀದಿಗೆ ಹೋಗುವುದು ಹೇಗೆ?

ವಿಡಿಯೊ ನೋಡಿಕೊಂಡು ಅಂಗಳದಲ್ಲೇ ಕೆಲಸಕ್ಕಿಳಿದೆ. ಹಲ್ಲುಗಳ ನಡುವಿನ ಸಡಿಲ ಹೋಗಲು ಶಿಮ್ ಎಂಬ ಕಾಗದದಷ್ಟು ತೆಳುವಾದ ಉಕ್ಕಿನ ಬಳೆಗಳನ್ನು ಹಾಕಬೇಕು. ಹಾಕಿದೆ, ತೆಗೆದೆ, ಮತ್ತೆ ಹಾಕಿದೆ. ಹೆಂಡತಿ ಬಾಗಿಲಲ್ಲಿ ನಿಂತು, "ಗೌರಮ್ಮಂಗೆ ಬಳೆ ತೊಡ್ಸಿದ್ದು ಆಯ್ತೇನ್ರೀ?" ಎಂದಳು. ಎಲ್ಲವನ್ನೂ ಸ್ವಸ್ಥಾನದಲ್ಲಿ ಕೂರಿಸಿ, ನೆನಪಿದ್ದಂತೆಯೇ ಬೋಲ್ಟು ಬಿಗಿದು, ಮೊದಲ ಗೇರು ಹಾಕಿದೆ. ಕಾರು ಹಿಂದಕ್ಕೆ ಹೋಗಿ ಬಟ್ಟೆ ಒಗೆಯುವ ಕಲ್ಲಿಗೆ ಗುದ್ದಿತು. ರಿವರ್ಸ್ ಹಾಕಿದೆ. ನಿಧಾನವಾಗಿ, ಒಂದಿಷ್ಟೂ ಸದ್ದಿಲ್ಲದೆ ಮುಂದಕ್ಕೆ ಬಂತು! ಕೂದಲೆಳೆಯಷ್ಟು ಅಂತರವನ್ನು ಸರಿಪಡಿಸಿದವನು ಇಡೀ ಗಂಟನ್ನೇ ತಲೆಕೆಳಗಾಗಿ ಕೂರಿಸಿ, ಚಕ್ರಗಳು ಉಲ್ಟಾ ತಿರುಗುವಂತೆ ಮಾಡಿದ್ದೆ.

ಮಳವಳ್ಳಿಗೆ ಫೋನು ಮಾಡಿದೆ. ಎತ್ತಿದ್ದು ಸುಮಿಯ ಅತ್ತೆ.

"ಅಮ್ಮಾ, ಕಾರು ಮುಂದಕ್ಕೆ ಹೋಗ್ತಾ ಇಲ್ಲ."

"ಮತ್ತೆ ಹಿಂದಕ್ಕೆ ಓಯ್ತದಾ?"

ಸತ್ಯ ಹೇಳುವ ಹಾಳು ಅಭ್ಯಾಸ. "ಹಿಂದಕ್ಕೆ ಚೆನ್ನಾಗಿ ಹೋಗುತ್ತೆ" ಎಂದೆ.

"ಅಂಗಾರೆ ಮಳವಳ್ಳಿಗೆ ಬೆನ್ನು ಮಾಡ್ಕಂಡು ಬಂದ್ಬುಡಪ್ಪಾ, ಅದ್ಕೇನಂತೆ!"

ಬಸ್ಸು ಹತ್ತಿ ಹೋಗಿ ಕರೆಯಬಹುದಿತ್ತು. ಆ ಮಾತು ಕೇಳಿದ ಮೇಲೆ ಮುಖ ತೋರಿಸಲು ನಾಚಿಕೆಯಾಗಿ, ಮತ್ತೆ ಕಾರಿನಡಿಗೆ ಸೇರಿಕೊಂಡೆ. ಮಾರನೆಯ ದಿನವೂ ಅಲ್ಲೇ ಇದ್ದಾಗ ಗೇಟಿನ ಸದ್ದಾಯಿತು.

"ಅಣ್ಣಾ, ಈಚೆಗೆ ಬಾ. ತವರಿಗೆ ಬಂದಿವ್ನಿ, ನಿನ್ ಕಾಲ್ ಮಾತ್ರ ಕಾಣ್ತಾ ಅವೆ."

ಸುಮಿ ಒಬ್ಬಳೇ, ಬ್ಯಾಗು ಹೊತ್ತು ಬಸ್ಸಿನಲ್ಲಿ ಬಂದಿದ್ದಳು. ನಗುತ್ತಿದ್ದಳು. ಆಮೇಲೆ ಬ್ಯಾಗಿನ ಜಿಪ್ಪು ಎಳೆಯುತ್ತ, "ಬಸ್‌ಸ್ಟ್ಯಾಂಡಲ್ಲಿ ಕಂಡೋರೆಲ್ಲಾ ಕೇಳುದ್ರು ಕಣಣ್ಣ, ಕರಿಯೋಕೆ ಯಾರೂ ಬರ್ಲಿಲ್ವಾ ಅಂತ" ಎಂದಳು. ನಾನು ಹೊರಗೆ ತೆಗೆದಿಟ್ಟಿದ್ದ ಡಿಫರೆನ್ಷಿಯಲ್ಲನ್ನು ತೋರಿಸಿ, ಈ ಬದಿ ಮೇಲೆ ಬರಬೇಕಿತ್ತು ಎಂದೆ. ಅವಳು ಒಳಗಿನಿಂದ ಕುಂಕುಮ ತಂದು ಅಲ್ಲೊಂದು ಬೊಟ್ಟಿಟ್ಟಳು. "ಬೊಟ್ಟು ಮೇಲಕ್ಕೆ. ಮರೀಬ್ಯಾಡ."

ಹಬ್ಬ ಮುಗಿಸಿ ಅವಳನ್ನು ಕಾರಿನಲ್ಲೇ ಮಳವಳ್ಳಿಗೆ ಬಿಟ್ಟೆ. ವಾಪಸ್ಸು ಹೊರಡುವಾಗ ಅವಳ ಅತ್ತೆ ಬೀದಿಯ ಹುಡುಗರಿಗೆ, "ಕಾರಿನ ಹಿಂದೆ ನಿಂತ್ಕಬ್ಯಾಡ್ರುಲಾ! ಮುಂದೇನೂ ನಿಂತ್ಕಬ್ಯಾಡಿ!" ಎಂದು ಕೂಗಿದರು. ಕಾರು ಮುಂದಕ್ಕೇ ಹೋಯಿತು. ಅದರಲ್ಲಿ ಈಗ ಸದ್ದಿಲ್ಲವಾದ್ದರಿಂದ ಬೀದಿಯ ನಗು ತಿರುವಿನವರೆಗೂ ಸ್ಪಷ್ಟವಾಗಿ ಕೇಳಿಸಿತು.

ಮನೆಗೆ ಬಂದು ಡೈರಿಯಲ್ಲಿ, "ಸುಮಿಯನ್ನು ಅಪ್ಪನ ಕಾರಿನಲ್ಲಿ ಹಬ್ಬಕ್ಕೆ ಕರೆತಂದೆ" ಎಂದು ಬರೆದೆ. ನಾಚಿಕೆಯಾಗಿ "ಹಬ್ಬಕ್ಕೆ ಕರೆತಂದೆ" ಹೊಡೆದು, "ಮಳವಳ್ಳಿಗೆ ಬಿಟ್ಟುಬಂದೆ" ಎಂದು ತಿದ್ದಿದೆ. ಆದರೂ ನನ್ನನ್ನು ನಾನು ಬಲ್ಲೆ. ಕೆಲವು ವರ್ಷಗಳ ಮೇಲೆ ಇದನ್ನು ಓದಿದಾಗ, ಹೊಡೆದು ಹಾಕಿದ ಮಾತೇ ನನಗೆ ಚೆನ್ನಾಗಿ ನೆನಪಿರುತ್ತದೆ.