ಕೆರೆಯಲ್ಲೊಂದು ಸಬ್‌ಮರೀನ್ ಬೇಟೆ

ಸಬ್‌ಮರೀನ್ ಹುಡುಕುವುದು ಅಂಥ ಕಷ್ಟದ ಕೆಲಸವೇನಲ್ಲ ಎಂದು ಮೊನ್ನೆಯವರೆಗೂ ನಾನು ಪ್ರಾಮಾಣಿಕವಾಗಿ ನಂಬಿದ್ದೆ. ನನ್ನ ಹೆಂಡತಿ ವಸುಧಾಳ ಅಣ್ಣ ನೌಕಾಪಡೆಯಲ್ಲಿ ಸಬ್‌ಮರೀನ್ ಬೇಟೆಯಾಡುವ ವಿಮಾನಗಳ ಬಿಡಿಭಾಗ ನೋಡಿಕೊಂಡು ನಿವೃತ್ತರಾದವರು. ಹಬ್ಬಕ್ಕೆ ಬಂದಾಗಲೆಲ್ಲ ಕಡುಬು ತಿನ್ನುತ್ತ ಅವರು ಹೇಳಿದ್ದನ್ನು ಕೇಳಿ ಕೇಳಿ, ಆಲ್ದೂರಿನ ಸುತ್ತಮುತ್ತ ಈ ವಿಷಯದಲ್ಲಿ ಬಾಯಿ ಬಿಡಬಲ್ಲ ಏಕೈಕ ಕಾಫಿ ಬೆಳೆಗಾರ ನಾನಾಗಿದ್ದೆ.

ಹೀಗಿರುವಾಗ ನಮ್ಮ ತೋಟದ ಕೆರೆಯ ಸಬ್‌ಮರ್ಸಿಬಲ್ ಮೋಟಾರು ಮುಳುಗಿತು. ನೀರಲ್ಲೇ ಇರುವ ಮೋಟಾರು ಮತ್ತೆ ಮುಳುಗುವುದೇನು ಎನ್ನಬೇಡಿ. ತೆಪ್ಪದಿಂದ ಹಗ್ಗ ಕಟ್ಟಿ ಇಳಿಬಿಟ್ಟಿದ್ದೆವು. ಗಂಟು ಹಾಕಿದವನು ನಾನು. ಪೈಪನ್ನೂ ಕಳಚಿಕೊಂಡು ಅದು ತಳ ಸೇರಿತು.

ತೋಟದ ಮೇಸ್ತ್ರಿ ಓಡಿಬಂದು, "ಅಯ್ಯಾ, ಸಬ್‌ಮರೀನು ಕೆರೆ ಪಾಲಾಯ್ತು" ಎಂದ. ಸಬ್‌ಮರ್ಸಿಬಲ್ ಎಂಬ ಉದ್ದದ ಹೆಸರನ್ನು ನಮ್ಮಲ್ಲಿ ಯಾರೂ ಪೂರ್ತಿ ಹೇಳುವುದಿಲ್ಲ. ಆ ಒಂದು ಮಾತು ನನ್ನ ತಲೆ ಕೆಡಿಸಿತು.

ರೋಬಸ್ಟಾ ಕಾಫಿ ಮೊಗ್ಗು ಕಟ್ಟಿ ನಿಂತಿತ್ತು, ಮಳೆಯ ಸುಳಿವಿಲ್ಲ. ಈ ವಾರ ಸ್ಪ್ರಿಂಕ್ಲರ್ ಹಾರಿಸದಿದ್ದರೆ ಮೊಗ್ಗು ಒಣಗಿ ವರ್ಷದ ಬೆಳೆಯೇ ಹೋಗುತ್ತದೆ. ನಿಜಕ್ಕೂ ನನಗೆ ಹೆದರಿಕೆಯಾಗಿತ್ತು.

"ಸುಮ್ನೆ ಮುಳುಗಿ ತೆಗ್ಯೋರನ್ನ ಕರೆಸಿ" ಎಂದಳು ವಸುಧಾ.

ನೌಕಾಪಡೆಯ ಭಾವ ಇರುವವನು ಮುಳುಗುವವರನ್ನು ಕರೆಸುವುದೇ! ಫೋನು ಹಚ್ಚಿದೆ.

"ಭಾವ, ಒಂದು ಸಬ್‌ಮರೀನ್ ಹುಡುಕ್ಬೇಕಿತ್ತು."

"ಎಲ್ಲಿ?"

"ನಮ್ಮ ಕೆರೇಲಿ."

ವಿಮಾನದಿಂದ ಸೋನೊಬಾಯ್ ಎಂಬ ಕೊಳವೆಗಳನ್ನು ಸಮುದ್ರಕ್ಕೆ ಹಾಕುತ್ತಾರೆ, ಅವು ತೇಲುತ್ತ ನೀರೊಳಗಿನ ಎಂಜಿನ್ ಸದ್ದು ಕೇಳುತ್ತವೆ ಎಂದು ಅವರೇ ಹೇಳಿದ್ದರಲ್ಲ? ನಾನು ಪಿವಿಸಿ ಪೈಪನ್ನು ನೀರಿಗಿಳಿಸಿ ಕಿವಿಯಿಟ್ಟು ಕೇಳಿ ಆಗಿತ್ತು. ಕಪ್ಪೆ ಬಿಟ್ಟರೆ ಬೇರೆ ಸದ್ದಿಲ್ಲ ಎಂದು ವರದಿ ಒಪ್ಪಿಸಿದೆ.

"ಅದು ಓಡ್ತಾ ಇರೋ ಶತ್ರುವಿಗೆ ಮಾರಾಯ್ರೆ. ನಿಮ್ಮ ಶತ್ರು ನಿಂತೇ ಹೋಗಿದೆಯಲ್ಲ" ಎಂದರು ಭಾವ.

ಸರಿ, ಎರಡನೇ ಅಸ್ತ್ರ. ಇಂಥ ವಿಮಾನಕ್ಕೆ ಹಿಂದುಗಡೆ ಉದ್ದದ ಬಾಲವೊಂದಿರುತ್ತದೆ. ನೀರೊಳಗೆ ಕಬ್ಬಿಣದ ರಾಶಿ ಇದ್ದರೆ ಅಯಸ್ಕಾಂತದ ಲೆಕ್ಕ ಏರುಪೇರಾಗುವುದು ಆ ಬಾಲದ ತುದಿಗೆ ಗೊತ್ತಾಗುತ್ತದೆ. ವಿಮಾನದ ಲೋಹವೇ ಅಡ್ಡ ಬರಬಾರದೆಂದು ಬಾಲ ಅಷ್ಟುದ್ದ. ನಾನು ಹಣ್ಣು ಕೀಳುವ ದೋಟಿಯ ತುದಿಗೆ ನನ್ನ ಮೊಬೈಲ್ ಕಟ್ಟಿ, ಅದರಲ್ಲಿ ದಿಕ್ಸೂಚಿ ತೆರೆದು, ತೆಪ್ಪದ ಹಿಂದಕ್ಕೆ ಬಿಗಿದೆ. ತೀರಾ ಉದ್ದವಾಗಿ ತೆಪ್ಪ ವಾಲಿತು. ದೋಟಿಯನ್ನು ಅರ್ಧಕ್ಕೆ ಕಡಿದೆ.

ಮುಳ್ಳು ಗಿರ್ರನೆ ತಿರುಗಿತು! ಇಲ್ಲೇ ಇದೆ! ನಾಲ್ಕು ಮಾರು ಆಚೆ ಹೋದೆ. ಅಲ್ಲಿಯೂ ಇದೆ! ಕೆರೆಯ ಯಾವ ಮೂಲೆಗೆ ಹೋದರೂ ನನ್ನ ಕಾಲಡಿಯೇ ಸಬ್‌ಮರೀನು. ಶತ್ರು ನನ್ನನ್ನೇ ಹಿಂಬಾಲಿಸುತ್ತಿದೆ ಎಂದು ತೀರ್ಮಾನಿಸಿ, ಬಾವಿಗೆ ಬಿದ್ದ ಕೊಡಪಾನ ತೆಗೆಯುವ ಪಾತಾಳಗರಡಿಯನ್ನು ಎಸೆದೇಬಿಟ್ಟೆ.

ಕೊಕ್ಕೆ ಸಿಕ್ಕಿಕೊಂಡಿತು. ಭಾರೀ ತೂಕ. "ಸಿಕ್ತು, ಸಿಕ್ತು" ಎನ್ನುತ್ತ ಮೈಯ ಶಕ್ತಿಯನ್ನೆಲ್ಲ ಹಾಕಿ ಎಳೆದೆ.

ನಮ್ಮ ತೆಪ್ಪ ಹಳೇ ಕಬ್ಬಿಣದ ಡ್ರಮ್ಮುಗಳಿಗೆ ಹಲಗೆ ಹೊಡೆದು ಮಾಡಿದ್ದು ಎಂಬ ಸಣ್ಣ ವಿಷಯ ಯುದ್ಧದ ಭರದಲ್ಲಿ ಮರೆತಿತ್ತು. ಮುಳ್ಳು ತೋರಿಸಿದ್ದು ಅದನ್ನು. ಕೊಕ್ಕೆ ಹಿಡಿದದ್ದೂ ಅದನ್ನೇ. ಹೀಗೆ ನಾನು ನನ್ನ ಹಡಗನ್ನು ಸ್ವಂತ ಪರಿಶ್ರಮದಿಂದ ಮಗುಚಿ, ಮೊಬೈಲ್ ಸಮೇತ ನೀರಿಗೆ ಬಿದ್ದೆ.

ಮೇಸ್ತ್ರಿ ಕಡಿದುಳಿದ ಅರ್ಧ ದೋಟಿ ಚಾಚಿ ನನ್ನನ್ನು ದಡಕ್ಕೆ ಎಳೆದ. ತಲೆಯ ಮೇಲಿನ ಪಾಚಿ ತೆಗೆದು ನೋಡುತ್ತೇನೆ, ವಸುಧಾ ಹುಲ್ಲಿನಲ್ಲಿ ಏನನ್ನೋ ಹಿಡಿದುಕೊಂಡು ನಿಂತಿದ್ದಾಳೆ.

"ರೀ, ಇದೇನು?"

ಮೋಟಾರಿನ ವೈರು. ಸ್ಟಾರ್ಟರ್ ಪೆಟ್ಟಿಗೆಯ ಬುಡದಿಂದ ಹೊರಟು ನೆಟ್ಟಗೆ ಕೆರೆಗಿಳಿದಿತ್ತು. ಶಾಕ್ ಹೊಡೆಯದಿರಲೆಂದು ಬೆಳಗ್ಗೆ ನಾನೇ ಅದರ ತುದಿ ಬಿಡಿಸಿ, ಆಮೇಲೆ ಇಷ್ಟು ಹೊತ್ತೂ ಅದನ್ನು ದಾಟಿಕೊಂಡು ಓಡಾಡಿದ್ದೆ. ಅವಳೂ ಮೇಸ್ತ್ರಿಯೂ ಮೆಲ್ಲಗೆ ಎಳೆದರು. ಕೆಸರು ಮೆತ್ತಿಕೊಂಡ ಮೋಟಾರು ಬಡಪಾಯಿಯ ಹಾಗೆ ದಡಕ್ಕೆ ಬಂತು.

ಶತ್ರುಗಳು ತಮ್ಮ ಸಬ್‌ಮರೀನಿನ ವೈರನ್ನು ದಡದಲ್ಲಿ ಬಿಟ್ಟು ಹೋಗುವುದಿಲ್ಲ ಎಂದು ನಾನು ಸಮಜಾಯಿಷಿ ಕೊಡುವಷ್ಟರಲ್ಲಿ ವಸುಧಾಳ ಮೊಬೈಲಿಗೆ ಭಾವನ ಕರೆ ಬಂತು.

"ಸಿಕ್ತೇನಮ್ಮ?"

"ಎರಡೂ ಸಿಕ್ಕಿದ್ವು ಅಣ್ಣ" ಎಂದಳು ಅವಳು, ನನ್ನ ಕಡೆ ನೋಡುತ್ತ. "ಮೋಟಾರು ಕೆಸರು ತೊಳೆದ್ರೆ ಸಂಜೆಗೇ ಓಡ್ತದಂತೆ. ಇವ್ರದ್ದು ಹೇಳಕ್ಕಾಗಲ್ಲ."