ತಾಂಡಾದ ಶಾಲೆಗೆ ದೋಹಾದಿಂದ ಬುದ್ಧಿವಾದ

ನಾನು ಒಳ್ಳೆಯ ಕೆಲಸಕ್ಕೆ ಕೈ ಹಾಕಿದಾಗಲೆಲ್ಲ ಮಾನ ಹೋಗುವಂಥದ್ದು ಒಂದಾದರೂ ನಡೆಯುತ್ತದೆ. ಊರು ಬದಲಿಸಿ ನೋಡಿದೆ, ದೇಶವನ್ನೇ ಬದಲಿಸಿ ನೋಡಿದೆ, ತಪ್ಪಲಿಲ್ಲ.

ದೋಹಾದಲ್ಲಿ ನಮ್ಮ ಲಂಬಾಣಿ ಜನರದೊಂದು ಸಣ್ಣ ಸಂಘವಿದೆ. ಶುಕ್ರವಾರ ಅಲ್ ಮುಂತಜಾದ ಒಂದು ಕೋಣೆಯಲ್ಲಿ ಕೂತು ನಮ್ಮವರ ಅರ್ಜಿ ಬರೆದುಕೊಡುವುದು, ತಾಂಡಾಗಳಿಗೆ ಫೋನ್ ಹಚ್ಚಿ ಮಕ್ಕಳ ಶಾಲೆ ಬಿಡಿಸಬೇಡಿ ಎನ್ನುವುದು ಅದರ ಕೆಲಸ. ನಾನು ಅದರ ಡ್ರೈವರ್. ಈ ವರ್ಷ ಇಲ್ಲೇ ದುಡಿಯುವ ನಮ್ಮ ತಾಂಡಾದ ಒಬ್ಬ ವೆಲ್ಡರ್, ಏಳನೇ ಕ್ಲಾಸಿನ ಮಗಳನ್ನು ಶಾಲೆ ಬಿಡಿಸಿ ತಾಯಿಯ ಜೊತೆ ಕಬ್ಬು ಕಡಿಯಲು ಕಳಿಸುತ್ತೇನೆಂದು ಹಟ ಹಿಡಿದಿದ್ದ. ಅವನ ಮನಸ್ಸು ತಿರುಗಿಸಬೇಕಿತ್ತು.

೧. ಇಲ್ಲದ ಸಾವು

ಈ ಮಾತಿಗೆಂದೇ ಸಂಘದ ಅಧ್ಯಕ್ಷರು ನನ್ನನ್ನೂ ವೆಲ್ಡರನನ್ನೂ ಅಲ್ ವಕ್ರಾದ ತಮ್ಮ ಮನೆಗೆ ಕರೆದಿದ್ದರು. ಅಷ್ಟರಲ್ಲಿ ಅವರ ನಾದಿನಿ ಊರಿಂದ ಬಂದಿಳಿದರು. ನಮ್ಮಲ್ಲಿ ಹೆಂಗಸರು ಬಹಳ ದಿನಕ್ಕೆ ಭೇಟಿಯಾದರೆ ತಬ್ಬಿಕೊಂಡು ರಾಗ ತೆಗೆದು ಅಳುವುದು ಪದ್ಧತಿ. ಅಧ್ಯಕ್ಷರ ಹೆಂಡತಿ ತಂಗಿಯನ್ನು ತಬ್ಬಿಕೊಂಡರು, ಇಬ್ಬರೂ ಶುರು ಮಾಡಿದರು. ಎದುರು ಮನೆಯ ಮಲಯಾಳಿ ಗಾಬರಿಯಿಂದ ಬಂದು, ಯಾರು ತೀರಿಕೊಂಡರು ಎಂದು ಹಿಂದಿಯಲ್ಲಿ ಕೇಳಿದ. ಇದು ನಮ್ಮ ಪದ್ಧತಿ ಅನ್ನಬಹುದಿತ್ತು. ನಾಚಿಕೆಯಾಯಿತು. ಇವರ ಅಜ್ಜಿ ಅಂದುಬಿಟ್ಟೆ.

ಆತ ಫ್ಲಾಸ್ಕಿನಲ್ಲಿ ಚಹಾ ಹಿಡಿದು, ನಾಲ್ಕು ಮನೆಯವರನ್ನು ಕರೆದುಕೊಂಡು ಬಂದ. ನಾದಿನಿ ಮುಖ ತೊಳೆದು ನಗುತ್ತ ಎಲ್ಲರ ಕೈಗೂ ಶೇಂಗಾ ಹೋಳಿಗೆ ಇಟ್ಟರು.

ಅಷ್ಟರಲ್ಲಿ ಊರಿಂದ ಫೋನ್ ಬಂತು. ಅಧ್ಯಕ್ಷರು ಅದನ್ನೆತ್ತಿ ನನ್ನ ಕಡೆ ತಿರುಗಿದರು. "ಅಜ್ಜಿ ಫೋನಿನ್ಯಾಗ ಅದಾಳ. ಸತ್ತದ್ದು ನೀನ ಹೇಳ್ತಿಯೋ, ನಾ ಹೇಳ್ಲೋ?"

೨. ಒಪ್ಪಿಗೆ ಪತ್ರ

ಆ ಗದ್ದಲದಲ್ಲಿ ಹುಡುಗಿಯ ಮಾತು ಬರಲೇ ಇಲ್ಲ. "ಮಗಳನ್ನ ಸಾಲಿ ಹಾಸ್ಟೆಲ್‌ನ್ಯಾಗ ಇಡ್ತೀನಿ ಅಂತ ಸಹಿ ಮಾಡಿಸ್ಕೊಂಡು ಬಾ" ಎಂದು ಅಧ್ಯಕ್ಷರು ಮತ್ತೆ ನನ್ನನ್ನೇ ಅಟ್ಟಿದರು. ಸಂಘದ ಮೇಜಿನ ಮೇಲಿದ್ದ ಕಾಗದ ಎತ್ತಿಕೊಂಡು ವೆಲ್ಡರ್ ಇರುವ ಮೆಸಯೀದ್ ಕ್ಯಾಂಪಿಗೆ ಹೋದೆ. ವಿದ್ಯೆಯ ಮಹತ್ವ ಅರ್ಧ ಗಂಟೆ ಹೇಳಿದೆ. ವೆಲ್ಡರ್ ಕಣ್ಣೊರೆಸಿಕೊಂಡು ಪೆನ್ನು ತೆಗೆದ. ಬೆರಳಿಟ್ಟು ಓದಿದ.

"ಇದು ಯಾರದೋ ರಜಾ ಅರ್ಜಿ ಐತಲ್ಲೋ. ಎರಡು ತಿಂಗಳು ಊರಿಗೆ ಬಿಡ್ರಿ ಅಂತೈತಿ. ನೀ ಓದಿ ತರಲಿಲ್ಲೇನು?"

"ಚಷ್ಮಾ ಮರ್ತಿದ್ದೆ."

"ಚಷ್ಮಾ ಯಾವಾಗ ಹಾಕ್ತಿದ್ದಿ?"

೩. ವಿಡಿಯೋ ಕಾಲ್

ಸಹಿ ಆಗಲೇ ಇಲ್ಲ, ಮರುದಿನವೇ ಕಬ್ಬು ಕಡಿಯುವವರ ಲಾರಿ ತಾಂಡಾದಿಂದ ಹೊರಡುವುದಿತ್ತು. ಹೆಡ್‌ಮಾಸ್ತರರು ತಾಂಡಾದವರನ್ನೆಲ್ಲ ಶಾಲೆಯಲ್ಲಿ ಕೂಡಿಸಿ ವಿಡಿಯೋ ಕಾಲ್ ಮಾಡಿದರು. ಇತ್ತ ಸಂಘದ ಕೋಣೆಯಲ್ಲಿ ವೆಲ್ಡರ್ ನನ್ನ ಪಕ್ಕದಲ್ಲೇ ಕೂತಿದ್ದ. ನಾನು ಭಾಷಣ ಬಿಗಿದೆ. ಆ ಹುಡುಗಿ ಎದ್ದು ನಿಂತು ಕೇಳಿದಳು: "ಕಾಕಾ, ನೀವು ಎಲ್ಲೀತನಕ ಓದೀರಿ?"

ಇಡೀ ಸಂಘ ನನ್ನನ್ನೇ ನೋಡುತ್ತಿತ್ತು. "ಎಸ್ಸೆಸ್ಸೆಲ್ಸಿ" ಎಂದೆ.

ಫೋನ್ ಕಸಿದುಕೊಂಡು ಪರದೆಯ ತುಂಬ ನನ್ನ ಅವ್ವ ಬಂದಳು. "ಸುಳ್ಳ ಹೇಳ್ಬ್ಯಾಡೋ! ನಾಕನೇ ಕ್ಲಾಸಿನ್ಯಾಗ ಇದೇ ಸಾಲಿ ಕಿಟಕಿ ಹಾರಿ ಓಡಿದಂವ, ಇವತ್ತಿಗೂ ಒಂದು ಕಡೆ ನಿಂತಿಲ್ಲ. ಹೆಡ್‌ಮಾಸ್ತರ್ರ, ಕಿಟಕಿಗೆ ಸರಳು ಹಾಕಿಸಿದ್ದು ಇವನ ಸಲುವಾಗಿ ಹೌದಿಲ್ಲರಿ?"

ಹೆಡ್‌ಮಾಸ್ತರರು ಕ್ಯಾಮೆರಾ ತಿರುಗಿಸಿ ಸರಳು ತೋರಿಸಿದರು.

ವೆಲ್ಡರ್ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದ. ಫೋನ್ ತಗೊಂಡು ಹೆಂಡತಿಗೆ, "ಏ, ಮಗಳನ್ನ ಲಾರಿ ಹತ್ತಿಸಬ್ಯಾಡ. ಹಾಸ್ಟೆಲಿಗೇ ಬಿಡು. ಇವನಂಗ ಆದ್ರ ಏನ್ಮಾಡೂದು?" ಎಂದ.

ಹುಡುಗಿ ಶಾಲೆಯಲ್ಲಿ ಉಳಿದಳು. ನಾನು ನೆಲ ನೋಡುತ್ತ ಕೂತೆ. ಅಧ್ಯಕ್ಷರು ಬಂದು ಬೆನ್ನು ತಟ್ಟಿದರು.

"ಮುಂದಿನ ಶುಕ್ರವಾರ ಇನ್ನೆರಡು ತಾಂಡಾ ಅದಾವ. ನೀ ಮಾತಾಡೂದೇನು ಬ್ಯಾಡ, ಕ್ಯಾಮೆರಾ ಮುಂದ ಕೂತರ ಸಾಕು. ನಿಮ್ಮವ್ವನ್ನ ಲೈನಿಗೆ ತಗೊಳ್ಳೂಣು."